ಚೆಲ್ಲೋಗೆ ಹೊಸ ತಂತಿ: ಕರುಳಿನಿಂದ ಉಕ್ಕಿನವರೆಗೆ, ನಡುವೆ ಒಂದು ಗರಗಸ

(ವಿಡಿಯೋದಲ್ಲಿ ಆಡಿದ ಮಾತಿನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.)



ಪಿಟೀಲಿನ ಬಗ್ಗೆ ಮಾತಾಡಿದ ಮೇಲೆ ಮುಂಬೈನ ಚೆಂಬೂರಿನಿಂದ ಒಬ್ಬ ವೀಕ್ಷಕರು ಒಂದು ಪ್ರಶ್ನೆ ಕಳಿಸಿದರು. ಅವರ ಮನೆಯಲ್ಲಿ ಹಳೇ ಚೆಲ್ಲೋ ಒಂದಿದೆ. ಅವರ ಮಾವನವರು ಸಿನಿಮಾ ಸ್ಟುಡಿಯೋಗಳಲ್ಲಿ ನುಡಿಸುತ್ತಿದ್ದ ವಾದ್ಯ. ಈಗ ಮಗಳು ಅದರಲ್ಲೇ ಕಲೀತಿದ್ದಾಳೆ. ಆದರೆ ನಾದ ಮಂಕಾಗಿದೆ, ಕೆಳಗಿನ ಸ್ವರಗಳು ಗೊರಗೊರ ಅಂತವೆ. ರಿಪೇರಿಯವರು ಎರಡು ದಾರಿ ಹೇಳಿದ್ದಾರಂತೆ. ಒಂದು, ಒಳ್ಳೆಯ ತಂತಿ ಹಾಕಿ ನೋಡೋದು. ಇನ್ನೊಂದು, ಮುಂದಿನ ಹಲಗೆ ಬಿಚ್ಚಿ ಒಳಗಿನಿಂದ ಮರ ಹೆರೆದು ತೆಳ್ಳಗೆ ಮಾಡೋದು. ತಂತಿ ಸೆಟ್ಟಿನ ಬೆಲೆ ಕೇಳಿ ಇವರಿಗೆ ಗಾಬರಿಯಾಗಿದೆ. ಆ ದುಡ್ಡಿಗೆ ಒಂದು ಸಾಧಾರಣ ಪಿಟೀಲೇ ಬರತ್ತೆ. ಹಾಗಾದರೆ ಒಂದೇ ಸಲಕ್ಕೆ ಮರದ ಕೆಲಸವನ್ನೇ ಮಾಡಿಸಿಬಿಡೋಣವಾ ಅಂತ ಕೇಳಿದ್ದಾರೆ.

ನಾನು ವಾದ್ಯ ರಿಪೇರಿ ಮಾಡುವವನಲ್ಲ, ಇತಿಹಾಸ ಓದುವವನು. ಆದರೆ ನೋಡಿ, ತಂತಿ ಬದಲಾಯಿಸಬೇಕಾ, ಮರ ಕತ್ತರಿಸಬೇಕಾ ಅನ್ನೋ ಈ ಪ್ರಶ್ನೆ ಹೊಸದಲ್ಲ. ಚೆಲ್ಲೋಗೆ ಸುಮಾರು 450 ವರ್ಷದ ಇತಿಹಾಸ ಇದೆ. ಅದರಲ್ಲಿ ಅರ್ಧಕ್ಕರ್ಧ ಈ ಪ್ರಶ್ನೆಯ ಸುತ್ತಲೇ ನಡೆದಿದೆ. ಅದಕ್ಕೇ ಇವತ್ತು ಅವರಿಗೆ ಉತ್ತರ ಕೊಡೋ ನೆಪದಲ್ಲಿ ಆ ಕತೆಯನ್ನೇ ಹೇಳ್ತೀನಿ.

ಒಂದೇ ಉದ್ದ, ನಾಲ್ಕು ಸ್ವರ

ಮೊದಲು ತಂತಿಯ ಕಷ್ಟ ಏನು ಅಂತ ತಿಳ್ಕೊಳ್ಳೋಣ. ಚೆಲ್ಲೋಗೆ ನಾಲ್ಕು ತಂತಿ. ಕೆಳಗಿನಿಂದ ಸಿ, ಜಿ, ಡಿ, ಎ. ಒಂದಕ್ಕೂ ಅದರ ಮೇಲಿನದಕ್ಕೂ ನಡುವೆ ನಮ್ಮ ಸ-ಪ ಅಂತರ. ಎ ತಂತಿ ಸೆಕೆಂಡಿಗೆ 220 ಸಲ ಕಂಪಿಸಿದರೆ ಸಿ ತಂತಿ ಸುಮಾರು 65 ಸಲ. ಆದರೆ ನಾಲ್ಕರ ಉದ್ದವೂ ಒಂದೇ, ಹೆಚ್ಚುಕಡಿಮೆ 69-70 ಸೆಂಟಿಮೀಟರ್.

ಫ್ರಾನ್ಸಿನ ಮರೆನ್ ಮೆರ್ಸೆನ್ ಅನ್ನೋ ಪಾದ್ರಿ 1636ರಲ್ಲಿ ತಂತಿಯ ಲೆಕ್ಕವನ್ನ ಬರೆದಿಟ್ಟ. ಸ್ವರ ತಗ್ಗಬೇಕಾದರೆ ಮೂರೇ ದಾರಿ: ತಂತಿ ಉದ್ದ ಮಾಡಬೇಕು, ಸಡಿಲ ಬಿಡಬೇಕು, ಇಲ್ಲಾ ಭಾರ ಮಾಡಬೇಕು. ಸಡಿಲ ಬಿಟ್ಟರೆ ಕಮಾನಿಗೆ ಹಿಡಿತ ಸಿಗಲ್ಲ, ತಂತಿ ತೊಯ್ದ ಹಗ್ಗದ ಹಾಗೆ ಆಗತ್ತೆ. ಭಾರ ಮಾಡೋಣ ಅಂದರೆ, ಅದೇ ಎಳೆತದಲ್ಲಿ ಸಿ ತಂತಿ ಎ ತಂತಿಗಿಂತ ಸುಮಾರು 11 ಪಟ್ಟು ಭಾರ ಇರಬೇಕು. ಈ 11 ಪಟ್ಟು ಅನ್ನೋದನ್ನ ನೆನಪಿಟ್ಕೊಳ್ಳಿ. ಮುಂದಿನ ಕತೆಯೆಲ್ಲ ಇದರಿಂದಲೇ ಹುಟ್ಟೋದು.

ನಮ್ಮಲ್ಲಿ ತಂತಿ ಅಂದ ಕೂಡಲೇ ಲೋಹ ಕಣ್ಣಿಗೆ ಬರತ್ತೆ. ತಂತಿ ಬೇಲಿ, ಕರೆಂಟ್ ತಂತಿ, ಹಿಂದೆ ಊರಿಗೆ ಬರ್ತಿದ್ದ 'ತಂತಿ', ಎಲ್ಲಾ ಲೋಹವೇ. ಆದರೆ ಚೆಲ್ಲೋ ಹುಟ್ಟಿದಾಗ ಅದರ ಮೇಲೆ ಲೋಹವೇ ಇರಲಿಲ್ಲ. ಇದ್ದದ್ದು ಕುರಿಯ ಸಣ್ಣ ಕರುಳು. ಅದನ್ನ ತೊಳೆದು, ಹೆರೆದು, ಎಳೆ ಎಳೆಯಾಗಿ ಸೇರಿಸಿ, ಹಸಿಯಾಗಿರುವಾಗಲೇ ಹುರಿ ಹಾಕಿ, ಎಳೆದು ಕಟ್ಟಿ ಒಣಗಿಸಿ ನಯ ಮಾಡೋದು. ಇಂಗ್ಲಿಷಿನಲ್ಲಿ 'ಕ್ಯಾಟ್‌ಗಟ್' ಅಂತಾರೆ, ಆದರೆ ಬೆಕ್ಕಿಗೂ ಅದಕ್ಕೂ ಸಂಬಂಧ ಇಲ್ಲ. ನಮಗೂ ಇದು ಅಪರಿಚಿತ ಅಲ್ಲ. ಸಾರಂಗಿಯ ಮೂರು ಮುಖ್ಯ ತಂತಿಗಳು ಇವತ್ತಿಗೂ ಕರುಳಿನವು. ಹತ್ತಿ ಹಿಂಜುತ್ತಿದ್ದ ಪಿಂಜಾರರ ಬಿಲ್ಲಿಗೆ ಕಟ್ಟುತ್ತಿದ್ದದ್ದೂ ಇದೇ ನರದ ಹುರಿ.

ಇಟಲಿಯ ಅಬ್ರುಝೋ ಬೆಟ್ಟಸೀಮೆಯಲ್ಲಿ ಸಾಲ್ಲೆ ಅಂತ ಒಂದು ಸಣ್ಣ ಊರಿದೆ. ಕುರಿಗಳ ಸೀಮೆ. ಅಲ್ಲಿನ ಮನೆತನಗಳು ತಲೆತಲಾಂತರ ಈ ಕಸುಬು ಮಾಡಿದವು. ಇವತ್ತು ಗಿಟಾರ್ ನುಡಿಸೋ ಎಲ್ಲರಿಗೂ ಗೊತ್ತಿರೋ ಡ'ಅಡಾರಿಯೋ ಕಂಪನಿಯವರ ಪೂರ್ವಿಕರು ಆ ಊರಿನವರೇ. 1905ರ ಭೂಕಂಪದ ನಂತರ ನ್ಯೂಯಾರ್ಕಿಗೆ ಹೋದರು.

ಈಗ ಆ 11 ಪಟ್ಟಿಗೆ ಬನ್ನಿ. ಕರುಳು ಹಗುರವಾದ ವಸ್ತು. ಇವತ್ತಿನ ಉದ್ದಕ್ಕೆ, ಇವತ್ತಿನ ಎಳೆತಕ್ಕೆ ಬರೀ ಕರುಳಿನಲ್ಲಿ ಸಿ ತಂತಿ ಮಾಡಬೇಕು ಅಂದರೆ ಎಷ್ಟು ದಪ್ಪ ಬೇಕು ಅಂತ ನಾನು ಮೆರ್ಸೆನ್ ಸೂತ್ರ ಇಟ್ಟು ಲೆಕ್ಕ ಹಾಕಿದೆ. ಸುಮಾರು 4 ಮಿಲಿಮೀಟರ್ ಬಂತು! ಅದು ತಂತಿಯಲ್ಲ, ಹಗ್ಗ. ಅಷ್ಟು ದಪ್ಪದ್ದು ಸುಲಭವಾಗಿ ಬಾಗಲ್ಲ. ಬಾಗದ ತಂತಿಯ ಉಪಸ್ವರಗಳು ಒಂದಕ್ಕೊಂದು ಹೊಂದಲ್ಲ. ನಾದ ಸತ್ತ ಹಾಗೆ ಕೇಳತ್ತೆ.

ಆಗಿನವರಿಗೆ ಉಳಿದದ್ದು ಒಂದೇ ದಾರಿ. ತಂತಿ ಉದ್ದ ಮಾಡೋದು. ಅಂದರೆ ವಾದ್ಯವನ್ನೇ ದೊಡ್ಡದು ಮಾಡೋದು.

ದೊಡ್ಡ ವಾದ್ಯಗಳ ಕಾಲ

ಇಟಲಿಯ ಕ್ರೆಮೋನಾದಲ್ಲಿ ಆಂದ್ರೆಯಾ ಅಮಾಟಿ 16ನೇ ಶತಮಾನದ ನಡುವಿನಲ್ಲಿ ಇಂಥ ವಾದ್ಯಗಳನ್ನ ಮಾಡಿದ. ಆಗ ಅದಕ್ಕೆ ಚೆಲ್ಲೋ ಅನ್ನೋ ಹೆಸರೂ ಇರಲಿಲ್ಲ, ದಪ್ಪ ದನಿಯ ಪಿಟೀಲು ಅಷ್ಟೇ. ಹಲವು ಕಡೆ ಈಗಿನ ಶ್ರುತಿಗಿಂತ ಒಂದು ಸ್ವರ ಕೆಳಗೇ ಕಟ್ಟುತ್ತಿದ್ದರು. ನಾದ ಗಂಭೀರ, ಆದರೆ ಕೈ ಓಡೋದು ಕಷ್ಟ. ಹಾಗಾಗಿ ಅದಕ್ಕೆ ಸಿಕ್ಕ ಕೆಲಸ ಬೇರೆಯವರ ಹಾಡಿಗೆ ಕೆಳಗಿನಿಂದ ಆಧಾರ ಕೊಡೋದು.

ಇದು ಬದಲಾದದ್ದು 1660ರ ದಶಕದಲ್ಲಿ. ಒಂದು ಸಣ್ಣ ಉಪಾಯದಿಂದ. ಕರುಳಿನ ತಂತಿಯ ಮೇಲೆ ತೆಳುವಾದ ಲೋಹದ ಎಳೆಯನ್ನ ಒತ್ತೊತ್ತಾಗಿ ಸುತ್ತೋದು. ಈಗಿನ ವೀಣೆಯ ದಪ್ಪ ತಂತಿಯನ್ನ ಹತ್ತಿರದಿಂದ ನೋಡಿ, ಸ್ಪ್ರಿಂಗಿನ ಹಾಗೆ ಸುತ್ತು ಕಾಣತ್ತೆ. ಅದೇ ಉಪಾಯ. ಒಳಗಿನ ಎಳೆ ತೆಳ್ಳಗೆ ಇರೋದರಿಂದ ಚೆನ್ನಾಗಿ ಬಾಗತ್ತೆ, ಮೇಲಿನ ಲೋಹ ಭಾರ ಕೊಡತ್ತೆ. ಬೆಳ್ಳಿ ಕರುಳಿಗಿಂತ ಸುಮಾರು 8 ಪಟ್ಟು ಭಾರ ಅಲ್ವಾ? ಲಂಡನ್ನಿನ ಸಂಗೀತ ಪ್ರಕಾಶಕ ಜಾನ್ ಪ್ಲೇಫೋರ್ಡ್ 1664ರಲ್ಲಿ ಇಂಥ ತಂತಿಯನ್ನ ಹೊಸ ಆವಿಷ್ಕಾರ ಅಂತ ತನ್ನ ಓದುಗರಿಗೆ ಪರಿಚಯಿಸಿದ.

ಮರುವರ್ಷ, 1665ರಲ್ಲಿ, ಬೊಲೋನ್ಯಾದ ಅರೆಸ್ಟಿ ಅನ್ನೋ ಸಂಗೀತಗಾರ ವೆನಿಸ್‌ನಲ್ಲಿ ಅಚ್ಚು ಹಾಕಿಸಿದ ಕೃತಿಗಳಲ್ಲಿ 'ವಯಲಿನ್‌ಚೆಲ್ಲೋ' ಅನ್ನೋ ಪದ ಮುದ್ರಣದಲ್ಲಿ ಕಾಣಿಸಿಕೊಳ್ತು. ಈ ಎರಡು ವರ್ಷಗಳು ಅಕ್ಕಪಕ್ಕ ಬಂದದ್ದು ಕಾಕತಾಳೀಯ ಅಲ್ಲ ಅಂತ ವಿದ್ವಾಂಸರು ವಾದಿಸಿದ್ದಾರೆ, ನನಗೂ ಹಾಗೇ ಅನಿಸತ್ತೆ. ತಂತಿ ತೆಳ್ಳಗಾದ ಮೇಲೆ ವಾದ್ಯ ದೊಡ್ಡದಿರಬೇಕಾದ ಅಗತ್ಯ ಹೋಯ್ತು. ಸಣ್ಣ ವಾದ್ಯಕ್ಕೆ ಹೊಸ ಹೆಸರು ಬಂತು. 1689ರಲ್ಲಿ ಬೊಲೋನ್ಯಾದವನೇ ಆದ ದೊಮೆನಿಕೋ ಗಾಬ್ರಿಯೆಲ್ಲಿ ಒಂಟಿ ಚೆಲ್ಲೋಗೆ ಅಂತಲೇ ಸಂಗೀತ ಬರೆದ. ಇನ್ನೊಂದು 30 ವರ್ಷಕ್ಕೆ ಜರ್ಮನಿಯ ಕೋಥೆನ್‌ನಲ್ಲಿ ಬಾಖ್ ಬರೆದ ಆರು ಸ್ವೀಟ್‌ಗಳು ಬಂದವು. ಆಧಾರ ಕೊಡ್ತಿದ್ದ ವಾದ್ಯ ತಾನೇ ಹಾಡೋಕೆ ಶುರು ಮಾಡಿತ್ತು.

ಗರಗಸ

ಕತೆ ಇಲ್ಲಿಗೇ ನಿಂತಿದ್ದರೆ ಸಂತೋಷ. ಆದರೆ ಒಂದು ಪ್ರಶ್ನೆ ಉಳೀತು. ಈಗಾಗಲೇ ಮಾಡಿಟ್ಟಿದ್ದ ದೊಡ್ಡ ವಾದ್ಯಗಳನ್ನ ಏನು ಮಾಡೋದು?

ಕತ್ತರಿಸಿದರು. ಮಹಾನ್ ಕುಶಲಕರ್ಮಿಗಳು ಮಾಡಿದ ವಾದ್ಯಗಳನ್ನ ಬಿಚ್ಚಿ, ಹಲಗೆಗಳನ್ನ ಮೇಲೆ, ಕೆಳಗೆ, ನಡುವೆ ಕೊಯ್ದು, ಮತ್ತೆ ಅಂಟಿಸಿ ಹೊಸ ಅಳತೆಗೆ ತಂದರು. ಸ್ಟ್ರಾಡಿವಾರಿ ಕೂಡ 1701ರ ತನಕ ದೊಡ್ಡ ಚೆಲ್ಲೋಗಳನ್ನೇ ಮಾಡ್ತಿದ್ದ. ಸುಮಾರು 1707ರಿಂದ 75-76 ಸೆಂಟಿಮೀಟರ್ ಉದ್ದದ ಸಣ್ಣ ಮಾದರಿಗೆ ಬಂದ. ಇವತ್ತಿಗೂ ಚೆಲ್ಲೋ ಮಾಡುವವರು ಅನುಸರಿಸೋದು ಆ ಮಾದರಿಯನ್ನೇ. ಅವನ ಮೊದಲಿನ ದೊಡ್ಡ ಚೆಲ್ಲೋಗಳಲ್ಲಿ ಬಹುಪಾಲು ಮುಂದೆ ಗರಗಸಕ್ಕೆ ಸಿಕ್ಕವು.

ಉಳಿದಿರುವ ಚೆಲ್ಲೋಗಳಲ್ಲಿ ಅತ್ಯಂತ ಹಳೆಯದು ಅಂತ ಹೆಸರಾದದ್ದು ಆಂದ್ರೆಯಾ ಅಮಾಟಿಯ 'ಕಿಂಗ್'. ಈಗ ಅಮೆರಿಕದ ಸೌತ್ ಡಕೋಟಾದ ವರ್ಮಿಲಿಯನ್ ಊರಿನ ಸಂಗೀತ ಮ್ಯೂಸಿಯಂನಲ್ಲಿದೆ. ಫ್ರಾನ್ಸಿನ ದೊರೆ ಒಂಬತ್ತನೇ ಚಾರ್ಲ್ಸ್‌ನ ಆಸ್ಥಾನಕ್ಕೆ ಅಂತ ಅದರ ಬೆನ್ನ ಮೇಲೆ ರಾಜಚಿಹ್ನೆಗಳ ಚಿತ್ರ ಬಿಡಿಸಿದ್ದರು. ಆ ಫೋಟೋವನ್ನ ವಿಡಿಯೋದಲ್ಲಿ ತೋರಿಸಿದ್ದೆ, ನೆನಪಿದೆಯಾ? ಬೆನ್ನಿನ ನಡುವಿನ ಚಿತ್ರ ತಾಳೆಯಾಗಲ್ಲ. ಯಾಕಂದರೆ ನಡುವಿನ ಒಂದು ಪಟ್ಟಿ ಮರವನ್ನ ಕೊಯ್ದು ತೆಗೆದು, ಎರಡು ಅಂಚು ಸೇರಿಸಿ ಅಂಟಿಸಿದ್ದಾರೆ. ರಾಜನಿಗಾಗಿ ಬರೆದ ಚಿತ್ರವನ್ನೂ ಲೆಕ್ಕಿಸಲಿಲ್ಲ ಅಂದರೆ, ಸಾದಾ ವಾದ್ಯಗಳ ಪಾಡು ಊಹಿಸಿಕೊಳ್ಳಿ.

ನನಗೆ ಇಲ್ಲಿ ಹಿಂಸೆ ಅನಿಸೋದು ಒಂದು ವಿಷಯಕ್ಕೆ. ಅವರು ಯಾರೂ ದುಷ್ಟರಲ್ಲ. ಅವರೂ ವಾದ್ಯವನ್ನ 'ಸುಧಾರಿಸ್ತಾ' ಇದ್ದರು. ಆ ಕಾಲದ ತಂತಿಗೆ, ಆ ಕಾಲದ ಸಂಗೀತಕ್ಕೆ, ಆ ಕಾಲದ ಕಿವಿಗೆ ಸರಿ ಹೊಂದಿಸ್ತಾ ಇದ್ದರು. ಆದರೆ ಕಿವಿ ಬದಲಾಗತ್ತೆ, ತಂತಿ ಇನ್ನೂ ಬೇಗ ಬದಲಾಗತ್ತೆ. ಕೊಯ್ದ ಮರ ಮಾತ್ರ ಕೊಯ್ದದ್ದೇ.

ದೊಡ್ಡ ಹಾಲು, ಜೋರು ದನಿ

19ನೇ ಶತಮಾನದಲ್ಲಿ ಸಂಗೀತ ಅರಮನೆಯ ಕೋಣೆಯಿಂದ ಟಿಕೆಟ್ಟಿನ ಹಾಲಿಗೆ ಬಂತು. ನ್ಯೂಯಾರ್ಕಿನ ಕಾರ್ನೆಗಿ ಹಾಲ್ 1891ರಲ್ಲಿ ತೆರೆದಾಗ ಅದರಲ್ಲಿ ಸುಮಾರು 2,800 ಜನ ಕೂರಬಹುದಿತ್ತು. ಮೈಕ್ ಇಲ್ಲ. ಅದೇ ನ್ಯೂಯಾರ್ಕಿನಲ್ಲಿ ಕೂತು ದ್ವೋರ್ಜಾಕ್ 1894-95ರಲ್ಲಿ ತನ್ನ ಚೆಲ್ಲೋ ಕನ್‌ಸರ್ಟೋ ಬರೆದ. ಇಡೀ ಆರ್ಕೆಸ್ಟ್ರಾದ ಎದುರು ಒಂದೇ ಚೆಲ್ಲೋ. 1896ರಲ್ಲಿ ಲಂಡನ್ನಿನಲ್ಲಿ ಅದರ ಮೊದಲ ಪ್ರದರ್ಶನ ಆದಾಗ ಚೆಲ್ಲೋ ಅಂದರೆ ಇನ್ನೂ ಕರುಳಿನ ತಂತಿಯೇ. ಮೇಲಿನ ಎರಡು ಬರೀ ಕರುಳು, ಕೆಳಗಿನ ಎರಡಕ್ಕೆ ಲೋಹದ ಸುತ್ತು.

ಇದರ ಜೊತೆಗೆ ಶ್ರುತಿಯೂ ಏರ್ತಾ ಬಂತು. ಬಾಖ್ ಕಾಲದ ಸಂಗೀತಕ್ಕೆ ಈಗ ಸಾಮಾನ್ಯವಾಗಿ ಬಳಸೋ ಶ್ರುತಿ 415. 1859ರಲ್ಲಿ ಫ್ರಾನ್ಸ್ ಕಾನೂನು ಮಾಡಿ 435ಕ್ಕೆ ನಿಲ್ಲಿಸ್ತು. 1939ರಲ್ಲಿ ಲಂಡನ್ ಸಮ್ಮೇಳನದಲ್ಲಿ 440 ಒಪ್ಪಿದರು. ಕೇಳೋಕೆ ಸಣ್ಣ ಏರಿಕೆ. ಆದರೆ ಅದೇ ತಂತಿಯನ್ನ 415ರಿಂದ 440ಕ್ಕೆ ಏರಿಸಿದರೆ ಎಳೆತ ಸುಮಾರು 12 ಪರ್ಸೆಂಟ್ ಹೆಚ್ಚತ್ತೆ. ಇವತ್ತಿನ ಚೆಲ್ಲೋ ಮೇಲೆ ನಾಲ್ಕೂ ತಂತಿ ಸೇರಿ ಸುಮಾರು 50-60 ಕಿಲೋ ತೂಕದಷ್ಟು ಎಳೆತ ಇದೆ. ಒಬ್ಬ ಮನುಷ್ಯ ಸದಾ ಜೋತುಬಿದ್ದ ಹಾಗೆ! ಇದನ್ನ ತಡ್ಕೊಳ್ಳೋಕೆ ಹಳೇ ವಾದ್ಯಗಳ ಕುತ್ತಿಗೆ ಬದಲಾಯಿಸಿದರು, ಒಳಗಿನ ಪಟ್ಟಿ ಬಲಪಡಿಸಿದರು.

ಇದೇ ಕಷ್ಟ ನಮ್ಮ ಮೈಸೂರಿಗೂ ಬಂತು ಅಂದರೆ ನಂಬ್ತೀರಾ? ಚೆಲ್ಲೋಗೆ ಅಲ್ಲ, ಪಿಟೀಲಿಗೆ. ಟಿ. ಚೌಡಯ್ಯನವರು (1895-1967) ನುಡಿಸೋ ಕಾಲದಲ್ಲಿ ಕಚೇರಿಗೆ ಜನ ಹೆಚ್ಚಿದರು, ಹಿಂದೆ ಕೂತವರಿಗೆ ಪಿಟೀಲು ಕೇಳಿಸ್ತಿರಲಿಲ್ಲ. ಅವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ಮಾಡಿಕೊಂಡರು. ದನಿ ತುಂಬಿಕೊಳ್ತು. ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನ ಇವತ್ತು ಪಿಟೀಲಿನ ಆಕಾರದಲ್ಲಿ ನಿಂತಿರೋದು ಅವರ ನೆನಪಿಗೇ. ಮುಂದೆ ಮೈಕ್ ಬಂತು, ಹಿಂದಿನ ಸಾಲಿಗೂ ಕೇಳಿಸ್ತು, ಪಿಟೀಲು ಮತ್ತೆ ನಾಲ್ಕು ತಂತಿಗೇ ನಿಂತಿತು. ಹೊಸ ತಂತಿ ಬಂದ ಹಾಗೇ ವಾಪಸ್ ಹೋಗೋಕೂ ಸಾಧ್ಯ ಅನ್ನೋದಕ್ಕೆ ಇದು ನಮ್ಮದೇ ಉದಾಹರಣೆ.

ಉಕ್ಕು ಗೆದ್ದದ್ದು

ಯೂರೋಪಿಗೆ ವಾಪಸ್ ಬರೋಣ. ಕರುಳಿಗೆ ಇನ್ನೊಂದು ಕಡೆಯಿಂದಲೂ ಬೇಡಿಕೆ ಇತ್ತು. ಶಸ್ತ್ರಚಿಕಿತ್ಸೆಯ ಹೊಲಿಗೆಗೆ ಬಳಸ್ತಿದ್ದದ್ದೂ ಅದೇ ಕುರಿಯ ಕರುಳು. ಮೊದಲ ಮಹಾಯುದ್ಧ ಬಂತು, ಗಾಯಾಳುಗಳ ಲೆಕ್ಕ ಲಕ್ಷಗಳಿಗೆ ಏರ್ತು, ಸಂಗೀತಗಾರರಿಗೆ ಒಳ್ಳೆಯ ತಂತಿ ಸಿಗೋದು ಕಷ್ಟ ಆಯ್ತು. ಆ ಸಮಯದಲ್ಲಿ ಉಕ್ಕಿನ ತಂತಿ ಮೊದಲು ಪಿಟೀಲಿನ ಮೇಲೆ ಕಾಲೂರ್ತು. 1919ರಲ್ಲಿ ವಿಯೆನ್ನಾದಲ್ಲಿ ಫ್ರಾಂಜ್ ಥೋಮಾಸ್ಟಿಕ್ ಮತ್ತು ಓಟೋ ಇನ್ಫೆಲ್ಡ್ ಶುರು ಮಾಡಿದ ಕಂಪನಿ ಉಕ್ಕಿನ ತಂತಿಯನ್ನ ಬೆಳೆಸ್ತು.

ಬರೀ ಉಕ್ಕಿನ ಸರಿಗೆ ಗಡಸು, ಕಿರುಚತ್ತೆ. ಅದಕ್ಕೆ ತೆಳು ಎಳೆಗಳನ್ನ ಹಗ್ಗದ ಹಾಗೆ ಹೆಣೆದು, ಅದರ ಮೇಲೆ ಬೇರೆ ಲೋಹ ಸುತ್ತಿದರು. 1950ರ ದಶಕದಲ್ಲಿ ಅದೇ ಕಂಪನಿಯ ಸ್ಪೈರೋಕೋರ್ ಬಂತು. ಡೆನ್ಮಾರ್ಕಿನ ಯಾರ್ಗರ್ ಬಂತು. ಆಮೇಲೆ 1990ರ ಸುಮಾರಿಗೆ ಅದೇ ದೇಶದಿಂದ ಲಾರ್ಸೆನ್ ಬಂತು. ಕೆಳಗಿನ ತಂತಿಗಳಿಗೆ ಟಂಗ್‌ಸ್ಟನ್ ಸುತ್ತೋದು ರೂಢಿಗೆ ಬಂತು. ಟಂಗ್‌ಸ್ಟನ್ ಕರುಳಿಗಿಂತ ಸುಮಾರು 15 ಪಟ್ಟು ಭಾರ. ಹಾಗಾಗಿ ಸಿ ತಂತಿ ತೆಳ್ಳಗೇ ಇದ್ದು ಸ್ಪಷ್ಟವಾಗಿ ಮಾತಾಡತ್ತೆ. ಮೆರ್ಸೆನ್‌ನ ಲೆಕ್ಕಕ್ಕೆ ಕೊನೆಗೂ ಅಚ್ಚುಕಟ್ಟಾದ ಉತ್ತರ ಸಿಕ್ಕಿತ್ತು. ಮೇಲಿನ ಎರಡು ಲಾರ್ಸೆನ್, ಕೆಳಗಿನ ಎರಡು ಟಂಗ್‌ಸ್ಟನ್ ಸ್ಪೈರೋಕೋರ್ ಅನ್ನೋ ಜೋಡಿ ಜಗತ್ತಿನ ಎಷ್ಟೋ ಚೆಲ್ಲೋ ವಾದಕರ ಮಾಮೂಲು ಆಗಿಹೋಯ್ತು.

ಲಾಭ ದೊಡ್ಡದೇ. ಉಕ್ಕು ಹವೆಗೆ ಹೆದರಲ್ಲ. ಜುಲೈ ತಿಂಗಳ ಮುಂಬೈಯಲ್ಲಿ ಕರುಳಿನ ತಂತಿ ತೇವ ಕುಡಿದು ಶ್ರುತಿ ಓಡಾಡತ್ತೆ, ಬೇಗ ಹರಿಯತ್ತೆ. ಉಕ್ಕು ಹಾಗಲ್ಲ. ದನಿ ಜೋರು, ಬಾಳಿಕೆ ಹೆಚ್ಚು.

ಆದರೆ ಕಳಕೊಂಡದ್ದೂ ಇದೆ. ಇದನ್ನ ನಾನು ಹೇಳೋದಕ್ಕಿಂತ ನೀವೇ ಕೇಳಿ. ಪಾಬ್ಲೋ ಕಸಾಲ್ಸ್ 1936ರಿಂದ 1939ರ ನಡುವೆ ಬಾಖ್‌ನ ಆರೂ ಸ್ವೀಟ್‌ಗಳನ್ನ ರೆಕಾರ್ಡ್ ಮಾಡಿದರು, ಕರುಳಿನ ತಂತಿಯ ಮೇಲೆ. ಆಮೇಲೆ ಯಾವುದಾದರೂ ಈಗಿನ ಉಕ್ಕಿನ ತಂತಿಯ ರೆಕಾರ್ಡಿಂಗ್ ಕೇಳಿ. ಹೊಸದರಲ್ಲಿ ಸ್ವರ ಒಂದೇ ಸಮ, ಹೊಳಪು, ಜಾರಿದ ಹಾಗೆ ಬರತ್ತೆ. ಹಳೆಯದರಲ್ಲಿ ಪ್ರತಿ ಸ್ವರದ ಆರಂಭದಲ್ಲಿ ಒಂದು ಸಣ್ಣ ಉಸಿರಿದೆ, ಒರಟಿದೆ, ಮನುಷ್ಯ ಮಾತಾಡೋಕೆ ಮುಂಚೆ ಗಂಟಲು ಸರಿಮಾಡಿಕೊಳ್ಳೋ ಹಾಗೆ. ಆ ಒರಟೂ ಬೇಕು ಅಂತ ಅನಿಸಿದವರು ಇದ್ದರು. ಹಾಲೆಂಡಿನ ಆನ್ನರ್ ಬೈಲ್ಸ್ಮಾ 1979ರಲ್ಲಿ ಅದೇ ಸ್ವೀಟ್‌ಗಳನ್ನ ಹಳೇ ರೀತಿ ಸಜ್ಜುಗೊಳಿಸಿದ ಚೆಲ್ಲೋ ಮೇಲೆ, ಕರುಳಿನ ತಂತಿ ಹಾಕಿ ರೆಕಾರ್ಡ್ ಮಾಡಿದರು. ಇವತ್ತು ಹಳೇ ಸಂಗೀತ ನುಡಿಸುವವರಲ್ಲಿ ಕರುಳು ಮತ್ತೆ ಮಾಮೂಲು.

ಹಾಗಾದರೆ ಏನು ಮಾಡೋದು?

ಚೆಂಬೂರಿನವರ ಪ್ರಶ್ನೆಗೆ ನನ್ನ ಉತ್ತರ: ಮೊದಲು ತಂತಿ. ಮರಕ್ಕೆ ಸದ್ಯಕ್ಕೆ ಯಾರೂ ಉಳಿ ಇಡೋದು ಬೇಡ.

ಅದಕ್ಕೂ ಮುಂಚೆ ಒಂದು ಮಾತು. ಹಳೇ ತಂತಿ ಎಷ್ಟು ವರ್ಷದ್ದು ಅಂತ ನೋಡಿ. ಲೋಹದ ಸುತ್ತಿನ ಸಂದಿಯಲ್ಲಿ ಬೆವರು, ರಾಳ ಸೇರಿ ತಂತಿ ಸಾಯತ್ತೆ. ಮಂಕು ನಾದಕ್ಕೆ ಎಷ್ಟೋ ಸಲ ಕಾರಣ ಇಷ್ಟೇ. ಹಾಗೇ ಹಲಗೆಯ ಅಂಟು ಮಳೆಗಾಲದಲ್ಲಿ ಬಿಟ್ಟಿದೆಯಾ, ಕುದುರೆ ವಾಲಿದೆಯಾ, ಒಳಗಿನ ಕಂಬ ಜಾಗದಲ್ಲಿದೆಯಾ ಅಂತ ರಿಪೇರಿಯವರಿಂದ ತೋರಿಸಿಕೊಳ್ಳಿ. ತಂಬೂರಿಯ ಕುದುರೆ ಮೇಲೆ ಒಂದು ದಾರ ಕೂದಲೆಳೆಯಷ್ಟು ಸರಿದರೆ ಜೀವ ಬರೋದು, ಹೋಗೋದು ನಮಗೆ ಗೊತ್ತಲ್ಲ. ಇಲ್ಲೂ ಹಾಗೇ.

ಆಮೇಲೆ ತಂತಿ. ಒಂದೇ ಸಲ ನಾಲ್ಕನ್ನೂ ಕೊಳ್ಳಬೇಕಾಗಿಲ್ಲ, ಬಿಡಿಬಿಡಿಯಾಗಿಯೂ ಸಿಗತ್ತೆ. ಅವರ ದೂರು ಕೆಳಗಿನ ಸ್ವರದ್ದು, ಹಾಗಾಗಿ ಟಂಗ್‌ಸ್ಟನ್ ಸುತ್ತಿದ ಸಿ ತಂತಿಯಿಂದ ಶುರು ಮಾಡಬಹುದು. ಎ ತಂತಿ ಕಿರುಚಿದರೆ ಅದಕ್ಕೆ ಮೆತ್ತಗಿನದು. ಹಳೇ ವಾದ್ಯ ಆದ್ದರಿಂದ ಕಡಿಮೆ ಅಥವಾ ಮಧ್ಯಮ ಎಳೆತದ್ದು ತಗೊಳ್ಳಿ. ಹೆಚ್ಚು ಎಳೆದರೆ ಹೆಚ್ಚು ದನಿ ಅಂತ ಏನಿಲ್ಲ. ಒಂದು ಹಂತ ದಾಟಿದರೆ ಹಲಗೆಗೆ ಉಸಿರು ಕಟ್ಟತ್ತೆ. ಒಂದು ಸ್ವರದಲ್ಲಿ ಮಾತ್ರ ಚೆಲ್ಲೋ ತೊದಲ್ತಾ ನಡುಗತ್ತಾ? ಅದನ್ನ ವಾದಕರು ವುಲ್ಫ್ ಅಂತಾರೆ, ತೋಳ. ತಂತಿಯ ಕಂಪನಕ್ಕೂ ಪೆಟ್ಟಿಗೆಯ ಕಂಪನಕ್ಕೂ ಜಗಳ ಹತ್ತಿದಾಗ ಬರೋದು. ಎಳೆತ ಕಡಿಮೆ ಮಾಡಿದರೆ ಅದೂ ಎಷ್ಟೋ ಸಲ ತಗ್ಗತ್ತೆ.

ನಾಲ್ಕನ್ನೂ ಒಟ್ಟಿಗೆ ಬಿಚ್ಚಬೇಡಿ. ಒಂದು ಬಿಚ್ಚಿ, ಒಂದು ಹಾಕಿ. ಎಲ್ಲಾ ಸಡಿಲ ಆದರೆ ಕುದುರೆ ಬೀಳತ್ತೆ, ಒಳಗಿನ ಕಂಬವೂ ಬೀಳಬಹುದು. ಹೊಸ ತಂತಿ ಹಾಕಿದ ದಿನವೇ ತೀರ್ಪು ಕೊಡಬೇಡಿ, ಕೆಲವು ದಿನ ನುಡಿಸಲಿ, ಕೂತುಕೊಳ್ಳಲಿ. ತೆಗೆದ ತಂತಿಯನ್ನ ಸುತ್ತಿ ಲಕೋಟೆಯಲ್ಲಿಟ್ಟು ಮೇಲೆ ಹೆಸರು ಬರೆದಿಡಿ. ಇಷ್ಟ ಆಗದಿದ್ದರೆ ವಾಪಸ್ ಹಾಕಬಹುದು. ಇದೆಲ್ಲ ಮಾಡಿ, ಒಂದು ವರ್ಷ ನುಡಿಸಿ, ಆಗಲೂ ನಾದ ಮಂಕಾಗೇ ಇದ್ದರೆ ಮರದ ಮಾತು ಎತ್ತಿ. ಆಗಲೂ ಇಬ್ಬರು ಕುಶಲಕರ್ಮಿಗಳ ಅಭಿಪ್ರಾಯ ಕೇಳಿ.

ಕೊನೆಗೆ ಒಂದು ಚೆಲ್ಲೋ ಬಗ್ಗೆ ಹೇಳಿ ಮುಗಿಸ್ತೀನಿ. ಸ್ಟ್ರಾಡಿವಾರಿ 1701ರಲ್ಲಿ ಮಾಡಿದ ದೊಡ್ಡ ಚೆಲ್ಲೋಗಳಲ್ಲಿ ಒಂದು ಗರಗಸದಿಂದ ಹೇಗೋ ತಪ್ಪಿಸಿಕೊಳ್ತು. ಸುಮಾರು 79 ಸೆಂಟಿಮೀಟರ್ ಉದ್ದದ ಪೆಟ್ಟಿಗೆ. ಬೆಲ್ಜಿಯಂನ ಸೆರ್ವೇ ಅನ್ನೋ ವಾದಕನ ಕೈಯಲ್ಲಿ ಇದ್ದದ್ದರಿಂದ ಅದಕ್ಕೆ ಅವನದೇ ಹೆಸರು. ಈಗ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್‌ನಲ್ಲಿದೆ. 1992ರಲ್ಲಿ ಬೈಲ್ಸ್ಮಾ ಬಾಖ್ ಸ್ವೀಟ್‌ಗಳನ್ನ ಎರಡನೇ ಸಲ ರೆಕಾರ್ಡ್ ಮಾಡಿದಾಗ ಈ ಚೆಲ್ಲೋವನ್ನೇ ಎತ್ತಿಕೊಂಡರು. ಹುಡುಕಿ ಕೇಳಿ, ಹೆಡ್‌ಫೋನ್ ಹಾಕ್ಕೊಂಡು ಕೇಳಿದರೆ ಇನ್ನೂ ಒಳ್ಳೇದು. ಮೊದಲು ಕೆಳಗಿನ ಸ್ವರಗಳಿಗೆ ಕಿವಿ ಕೊಡಿ.

ಮುಂದಿನ ಮಾತು ಕಮಾನಿನ ಬಗ್ಗೆ, ಅದಕ್ಕೆ ಕಟ್ಟೋ ಕುದುರೆ ಕೂದಲಿನ ಬಗ್ಗೆ.